ಆಟದ ಬಯಲಿನಲ್ಲಿ ಆಪತ್ತಿನ ಪಾಠ

ಅಡ್ಡಮಳೆಯ ದಿವಸಗಳಲ್ಲಿ ನಮ್ಮ ಹೋಟಗಿ, ಅಕ್ಕಲಕೋಟೆ ಸೀಮೆಯ ಹೊಲಗಳಲ್ಲಿ ಏನಾಗುವದೆಂಬುದು ಒಕ್ಕಲಿಗ ಬಾಂಧವರಿಗೆ ಗೊತ್ತಿದ್ದದ್ದೇ. ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ನಾಲ್ಕು ಹನಿ ಬೀಳುತ್ತಲೆ ಹೊಲದಲ್ಲಿದ್ದವರೆಲ್ಲ ಒಡ್ಡಿನ ಮೇಲಿನ ಬೇವಿನ ಮರದ ಬುಡಕ್ಕೆ ಓಡುತ್ತಾರೆ. ಎರೆಭೂಮಿಯ ಬಯಲಿನಲ್ಲಿ ಆ ಮರವೇ ಎಲ್ಲಕ್ಕೂ ಎತ್ತರ. ಸಿಡಿಲು ಎರಗುವದೂ ಹೆಚ್ಚಾಗಿ ಅದಕ್ಕೇ. ಮರದ ಕೆಳಗೆ ನಿಲ್ಲಬಾರದೆಂದು ಶಾಲೆಯಲ್ಲಿ ಹೇಳುತ್ತೇವೆ, ಗೋಡೆಯ ಮೇಲೆ ಬರೆಸುವದೂ ಉಂಟು. ಆದರೆ ಮಳೆ ಬಂದಾಗ ಓಡುವವು ಕಾಲುಗಳು. ಅವಕ್ಕೆ ಗೋಡೆಯ ಬರಹ ನೆನಪಾಗುವದಿಲ್ಲ. ಕಾಲಿಗೆ ಪಾಠ ಹೇಳಬೇಕಾದರೆ ಆಟವೇ ಬೇಕು.

ಈ ಉಪಾಯವನ್ನು ಜಪಾನದವರು ಚೆನ್ನಾಗಿ ಅರಿತಿದ್ದಾರೆ. ಅಲ್ಲಿಯ ಕೋಬೆ ಪಟ್ಟಣದಲ್ಲಿ 1995ರ ಜನವರಿ 17ರಂದು ಭೂಕಂಪವಾಗಿ, ಆ ಪಟ್ಟಣದಲ್ಲೂ ಸುತ್ತಲೂ 6,000ಕ್ಕೂ ಹೆಚ್ಚು ಜನ ಮಡಿದರು. ಹತ್ತು ವರ್ಷಗಳ ತರುವಾಯ, 2005ರಲ್ಲಿ, ಮಕ್ಕಳಿಗಾಗಿ ಅಲ್ಲಿ ಒಂದು ಬಗೆಯ ಆಟದ ಜಾತ್ರೆ ಆರಂಭವಾಯಿತು. ಸಾಲಾಗಿ ನಿಂತು ನೀರಿನ ಬಕೀಟು ದಾಟಿಸುವ ಪಂದ್ಯ, ಗಾಯಗೊಂಡವರನ್ನು ಕಂಬಳಿಯಲ್ಲಿ ಹೊರುವ ಪಂದ್ಯ, ಹೀಗೆ. ಕಣಿಕೆಯ ಬಣವೆಗೆ ಬೆಂಕಿ ಬಿದ್ದಾಗ ನಮ್ಮ ಊರುಗಳಲ್ಲಿ ಹತ್ತು ಜನ ಹತ್ತು ಕಡೆ ಕೊಡ ಹಿಡಿದು ಓಡುವದನ್ನು ಕಂಡವರಿಗೆ ಮೊದಲನೆಯ ಪಂದ್ಯದ ಬೆಲೆ ತಿಳಿದೀತು. ಕಂಬಳಿಯ ಬದಲು ನಮ್ಮಲ್ಲಿ ಕೌದಿ ಇದ್ದೇ ಇದೆ.

ಆದರೆ ಸಿಡಿಲಿಗೆ ನಮ್ಮ ಖೊ-ಖೊ ಆಟದಷ್ಟು ಒಪ್ಪುವಂಥದು ಬೇರೊಂದಿಲ್ಲ. ಮಿಂಚು ಕೂಡಲೆ ಕಾಣುವದು. ಗುಡುಗಿನ ಸಪ್ಪಳವು ಒಂದು ಕಿಲೋಮೀಟರು ಬರಲು ಸುಮಾರು 3 ಸೆಕೆಂಡು ಹಿಡಿಯುವದು. ಗುರುಗಳು ಬ್ಯಾಟರಿಯ ಬೆಳಕು ತೋರಿಸಲಿ, ಹುಡುಗರು ಗಟ್ಟಿಯಾಗಿ ಎಣಿಸಲಿ. ಹಲಿಗೆ ಬಾರಿಸಿದೊಡನೆ ಎಣಿಕೆ ನಿಲ್ಲಬೇಕು. ಮೂವತ್ತರೊಳಗೆ ನಿಂತಿತೆಂದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ. ಎಲ್ಲರೂ ಶಾಲೆಯ ಕಟ್ಟಡ ಸೇರಬೇಕು. ಮರ ಮುಟ್ಟಿದವನು ಔಟು. ಕೊನೆಯ ಗುಡುಗು ಕೇಳಿದ ಮೇಲೆ 30 ಮಿನಿಟು ಹೊರಬೀಳಬಾರದೆಂಬುದನ್ನೂ ಆಟದ ನಿಯಮದಲ್ಲಿಯೇ ಸೇರಿಸಿರಿ.

"ಊರು ದೂರ!" ಎಂದು ಗುರುಗಳು ಕೂಗಿದರೆ ಓಡುವದಲ್ಲ. ಒಬ್ಬರಿಂದೊಬ್ಬರು ಇಪ್ಪತ್ತು ಹೆಜ್ಜೆ ದೂರ ಸರಿದು, ಖೊ-ಖೊದಲ್ಲಿ ಕೂಡ್ರುವಂತೆ ತುದಿಗಾಲ ಮೇಲೆ ಕುಕ್ಕರಿಸಿ, ತಲೆ ಬಗ್ಗಿಸಿ ಕಿವಿ ಮುಚ್ಚಬೇಕು. ಕೈ ನೆಲಕ್ಕೆ ತಾಗಬಾರದು, ಎರಡೂ ಪಾದ ಕೂಡಿರಬೇಕು. ಏಕೆಂದರೆ ಸಿಡಿಲು ಬಿದ್ದಲ್ಲಿಂದ ವಿದ್ಯುತ್ತು ನೆಲದಲ್ಲಿ ಹರಡುವದು. ಕಾಲು ಅಗಲಿಸಿದಷ್ಟೂ ಅದು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುವದು. ಮುಂಗಾಲು ಹಿಂಗಾಲು ದೂರವಿರುವ ದನಗಳು ಮರದಡಿ ಒಮ್ಮೆಲೆ ಗುಂಪಾಗಿ ಸಾಯುವದು ಇದರಿಂದಲೇ. ಕಾಲು ಕೂಡಿಸಿ ಸರಿಯುವದನ್ನು ಕಲಿಸಲು ಗೋಣಿಚೀಲದ ಓಟ ಬಲು ಒಳ್ಳೆಯದು. ಹೀಗೆ ಕುಳಿತರೆ ಅಪಾಯ ತಪ್ಪಿಯೇ ತೀರುವದೆಂದು ತಿಳಿಯಬಾರದು. ಆಸರೆ ಸಿಗದಾಗಿನ ಕೊನೆಯ ಉಪಾಯವಿದು. ಸಿಡಿಲು ಬಡಿದವನನ್ನು ಮುಟ್ಟಬಾರದೆಂಬ ಹೆದರಿಕೆ ಮಾತ್ರ ಸುಳ್ಳು. ಅವನ ಮೈಯಲ್ಲಿ ವಿದ್ಯುತ್ತು ಉಳಿದಿರುವದಿಲ್ಲ. ಉಸಿರು ನಿಂತಿದ್ದರೆ ಕೂಡಲೆ ಎದೆಯ ನಡುವೆ ಒತ್ತುತ್ತ, 108ಕ್ಕೆ ಫೋನು ಮಾಡಿಸಬೇಕು.

ನೆರೆಗೆ ನಮ್ಮ ಕೆರೆ-ದಡದ ಆಟ ಸಾಕು. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಉಕ್ಕಿ ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಿಗೆ ನೀರು ನುಗ್ಗಿತು. "ಕೆರೆ" ಎಂದಾಗ ಜಿಗಿಯುವ ಹುಡುಗರಿಗೆ, "ಸೀನಾ" ಎಂದು ಕೂಗಿದರೆ ಚಿಕ್ಕವರ ಕೈ ಹಿಡಿದು ಎತ್ತರದ ದಿನ್ನೆಗೆ ಹೋಗಲು ಕಲಿಸಿರಿ. ಸೆಳೆತವಿದ್ದರೆ ಮೊಣಕಾಲುದ್ದದ ನೀರೂ ದೊಡ್ಡವರನ್ನು ಕೆಡವೀತು.

ಭೂಕಂಪದ ಪಾಠದಲ್ಲಿ ಸ್ವಲ್ಪ ವಿವೇಕ ಬೇಕು. 1993ರ ಸೆಪ್ಟೆಂಬರ 30ರ ನಸುಕಿನ 4 ಗಂಟೆಯ ಸುಮಾರಿಗೆ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಹಿಂದಿನ ದಿನವೇ ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಜನ. ಸುತ್ತಲಿನ ಹಳ್ಳಿಗಳು ಸೇರಿ ಹತ್ತು ಸಾವಿರದಷ್ಟು ಜನ ಸತ್ತರು. ಬಹಳಷ್ಟು ಜನರನ್ನು ಕೊಂದುದು ಕಲ್ಲು-ಮಣ್ಣಿನ ಗೋಡೆ, ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಮೇಜಿನ ಕೆಳಗೆ ಸೇರುವ ಆಟ ಶಾಲೆಯ ಗಟ್ಟಿ ಕಟ್ಟಡಕ್ಕೆ ಸರಿ. ಅಂಥದೇ ಹಳೆಯ ಮಾಳಿಗೆ ಮನೆಯಲ್ಲಿ ಬಾಗಿಲ ಬಳಿ ಇರುವವರು ಬಯಲಿಗೆ ಬರುವದೇ ಲೇಸು. ಅದಕ್ಕಾಗಿ ರಾತ್ರಿ ಬಾಗಿಲ ದಾರಿಯಲ್ಲಿ ಚೀಲ, ಕುಂಟೆ, ಕೂರಿಗೆ ಇಡಬಾರದು. ಮನೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಾಸಿಗೆಯಿಂದ ಅಂಗಳಕ್ಕೆ ಬರುವ ಪಂದ್ಯವನ್ನು ಮಕ್ಕಳು ಅಜ್ಜ-ಅಜ್ಜಿಯರೊಡನೆ ಆಡಲಿ. ವರ್ಷಾವರ್ಷ ಮಾಳಿಗೆಯ ಮೇಲೆ ಹೊಸ ಮಣ್ಣು ಹೇರುವ ಯಜಮಾನರೂ ಆಡಿದರೆ ಇನ್ನೂ ಲೇಸು.

ಆಟ ನಡೆಸುವವರು ಹೆಣದ ಕಥೆ ಹೇಳಿ ಚಿಕ್ಕವರನ್ನು ಅಂಜಿಸಬಾರದು. ಬೇಕಾಗುವ ಸಾಮಾನು ಒಂದು ಬ್ಯಾಟರಿ, ಒಂದು ಹಲಿಗೆ, ನಾಲ್ಕು ಕೊಡ, ಒಂದು ಹಳೆಯ ಕೌದಿ, ಹತ್ತು ಗೋಣಿಚೀಲ. ಜೋಳದ ರಾಶಿ ಮುಗಿದು ಅಡ್ಡಮಳೆ ಬೀಳುವದರೊಳಗೆ ನಾಲ್ಕು ಶನಿವಾರ ಇದಕ್ಕೆ ಕೊಟ್ಟರಾಯಿತು. ಊರ ಜಾತ್ರೆಯಲ್ಲಿ ಕುಸ್ತಿಯ ಹಿಂದೆ ಕೊಡದ ಪಂದ್ಯವನ್ನಿಟ್ಟು, ಗೆದ್ದವರಿಗೆ ಒಂದು ಕಾಯಿ ಕೊಡಿರಿ.