ದಣಿವು, ನಿತ್ರಾಣ ಮತ್ತು ಅಂಬಲಿ: ಜನಪದ ಆಹಾರಜ್ಞಾನದ ಒಂದು ಪರಿಶೀಲನೆ

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರು, ಸುಮಾರು ಕ್ರಿ.ಶ. ೯೦೦ರ ವೀರಗಲ್ಲು ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರನ್ನು ಉಳಿಸಿಕೊಟ್ಟ ಊರು. ಇಂದು ಬಡಾವಣೆಗಳ ನಡುವೆ ಸೇರಿಹೋಗಿದ್ದರೂ ಇದು ರಾಗಿ ಸೀಮೆಯ ನೆಲ. ಈ ಸೀಮೆಯ ಆಡುಮಾತಿನಲ್ಲಿ ದಣಿವು ಬೇರೆ, ನಿತ್ರಾಣ ಬೇರೆ. ದುಡಿಮೆಯಿಂದ ಬಂದು ವಿಶ್ರಾಂತಿಯಿಂದ ಕಳೆಯುವುದು ದಣಿವು. ಕಾಯಿಲೆಯ ಬೆನ್ನಿಗೆ ಬಂದು, ಮಲಗಿ ಎದ್ದರೂ ಬಿಡದಿರುವುದು ನಿತ್ರಾಣ.

ವೈದ್ಯವಿಜ್ಞಾನವೂ ಈ ಭೇದವನ್ನು ಒಪ್ಪುತ್ತದೆ. ಕ್ಯಾನ್ಸರ್ ರೋಗಿಗಳ ಬಳಲಿಕೆಗೆ ರಕ್ತಹೀನತೆ, ಸ್ನಾಯುಕ್ಷಯ, ನಿದ್ರಾಭಂಗ, ಹಾರ್ಮೋನುಗಳ ಏರುಪೇರು ಕಾರಣವಾಗಬಲ್ಲವು. ಗಡ್ಡೆಯಿಂದಲೂ ಚಿಕಿತ್ಸೆಯಿಂದಲೂ ಉಂಟಾಗುವ ಉರಿಯೂತದಲ್ಲಿ ಇಂಟರ್‌ಲ್ಯೂಕಿನ್-೬ ಮೊದಲಾದ ಸೈಟೊಕೈನ್‌ಗಳು ಮಿದುಳಿನ ಮೇಲೆ ಪ್ರಭಾವ ಬೀರುತ್ತವೆ. ದೀರ್ಘಕಾಲೀನ ಬಳಲಿಕೆಯ ರೋಗದ ಮೂಲಕಾರಣ ಇನ್ನೂ ನಿರ್ಧಾರವಾಗಿಲ್ಲ. ಆದರೂ ಅದು ದೇಹವನ್ನೆಲ್ಲ ವ್ಯಾಪಿಸುವ ಗಂಭೀರ ರೋಗವೆಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ೨೦೧೫ರ ವರದಿಯಲ್ಲಿ ಸ್ಪಷ್ಟಪಡಿಸಿತು. ಇಂತಹ ರೋಗಿಯ ಮೇಲೆ ಸೋಮಾರಿತನದ ಆರೋಪ ಹೊರಿಸುವುದು ಸಲ್ಲದು.

ಕರುಳಿನ ಸೂಕ್ಷ್ಮಜೀವಿಗಳಿಗೂ ಬಳಲಿಕೆಗೂ ಇರಬಹುದಾದ ಸಂಬಂಧ ಈಚಿನ ಸಂಶೋಧನೆಯ ವಿಷಯ. ಈ ರೋಗಿಗಳ ಕರುಳಿನಲ್ಲಿ ಸೂಕ್ಷ್ಮಜೀವಿ ವೈವಿಧ್ಯ ಕಡಿಮೆಯಿರುವುದನ್ನು ಕಾರ್ನೆಲ್ ವಿಶ್ವವಿದ್ಯಾಲಯದ ೨೦೧೬ರ ಅಧ್ಯಯನ ಗುರುತಿಸಿತು. ಅದು ಕಾರಣವೋ ಪರಿಣಾಮವೋ ಎಂಬುದು ಇತ್ಯರ್ಥವಾಗಿಲ್ಲ. ೨೦೦೯ರಲ್ಲಿ ಪ್ರಕಟವಾದ ೩೯ ರೋಗಿಗಳ ಪ್ರಾಥಮಿಕ ಪ್ರಯೋಗದಲ್ಲಿ ಲ್ಯಾಕ್ಟೊಬ್ಯಾಸಿಲಸ್ ತಳಿಯೊಂದನ್ನು ಸೇವಿಸಿದವರ ಆತಂಕ ತಗ್ಗಿತು. ಬಳಲಿಕೆ ಗುಣವಾಗುವುದೆಂದು ಅದರಿಂದ ಸಿದ್ಧವಾಗಲಿಲ್ಲ.

ಈ ಹಿನ್ನೆಲೆಯಲ್ಲಿ ಅಂಬಲಿಯನ್ನು ನೋಡಬೇಕು. ರಾಗಿಹಿಟ್ಟನ್ನು ರಾತ್ರಿ ನೆನೆಸಿ ಹುಳಿ ಬಂದ ಮೇಲೆ ಕಾಯಿಸುವುದು ಒಂದು ಕ್ರಮ. ಕಾಯಿಸಿದ್ದನ್ನು ಹುಳಿಯಲು ಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ಬಹುಪಾಲು ಸೂಕ್ಷ್ಮಜೀವಿಗಳು ಸಾಯುತ್ತವೆ. ಆರಿದ ಬಳಿಕ ಬೆರೆಸುವ ಮಜ್ಜಿಗೆಯಿಂದ ಮತ್ತೆ ಸೇರುತ್ತವೆ. ಎರಡನೆಯದರಲ್ಲಿ ಅವು ಜೀವಂತವಾಗಿಯೇ ಉಳಿಯುತ್ತವೆ. ಹುಳಿಯುವಿಕೆಯು ರಾಗಿಯ ಫೈಟೇಟನ್ನು ತಗ್ಗಿಸಿ ಕಬ್ಬಿಣಾಂಶ ದೇಹಕ್ಕೆ ದಕ್ಕಲು ನೆರವಾಗುತ್ತದೆ. ಆದರೆ ತಳಿಯೂ ಪ್ರಮಾಣವೂ ಗೊತ್ತಿಲ್ಲದ ಹುದುಗಿನ ಆಹಾರವನ್ನು ‘ಪ್ರೋಬಯಾಟಿಕ್’ ಎನ್ನಲಾಗದೆಂಬುದು ೨೦೧೪ರ ಅಂತಾರಾಷ್ಟ್ರೀಯ ತಜ್ಞರ ಅಭಿಪ್ರಾಯ.

ಕೀಮೋಥೆರಪಿಯಿಂದ ಬಿಳಿ ರಕ್ತಕಣಗಳು ಕುಗ್ಗಿದವರಿಗೆ ಜೀವಂತ ಸೂಕ್ಷ್ಮಜೀವಿಗಳಿಂದ ರಕ್ತದ ಸೋಂಕು ತಗಲುವ ಅಪಾಯವುಂಟು. ಆದ್ದರಿಂದ ‘ಅಂಬಲಿ ಕುಡಿದರೆ ನಿತ್ರಾಣ ಹೋಗುತ್ತದೆ’ ಎಂಬ ಹಿತವಚನವನ್ನು ಅಂತಹ ರೋಗಿಗಳು ವೈದ್ಯರನ್ನು ಕೇಳದೆ ಪಾಲಿಸಬಾರದು. ಜಾನಪದ ಸಂಶೋಧಕರು ಅಂಬಲಿಯ ಪಾಠಾಂತರಗಳನ್ನು ದಾಖಲಿಸುವಾಗ ಹುಳಿಯುವ ಅವಧಿ, ಪಾತ್ರೆ, ಕಾಯಿಸುವ ಘಟ್ಟ, ಮಜ್ಜಿಗೆ ಬೆರೆಸುವ ಹೊತ್ತು ಇವುಗಳನ್ನೂ ಗುರುತಿಸಬೇಕು. ೧೯೭೩ರಲ್ಲಿ ಆರಂಭವಾದ ಕಿದ್ವಾಯಿ ಗಂಥಿ ಸಂಸ್ಥೆಯಿರುವ ಈ ನಗರದಲ್ಲಿ ವೈದ್ಯರೂ ಸೂಕ್ಷ್ಮಜೀವಿತಜ್ಞರೂ ಅಂತಹ ದಾಖಲೆಯನ್ನು ಆಧರಿಸಿ ಪರೀಕ್ಷೆಗೆ ತೊಡಗುವುದು ಸಾಧ್ಯ.