ಖಾಲಿ ಗಾಡಾ ಓಟ

ಖಾಲಿ ಗಾಡಾ ಓಟವು ಸರಕು ಹೇರದ ಚಕ್ಕಡಿಗೆ ಜೋಡೆತ್ತು ಹೂಡಿ ಓಡಿಸುವ ಗ್ರಾಮೀಣ ಸ್ಪರ್ಧೆ. ಖಾನಾಪುರವೂ ಸೇರಿದಂತೆ ಬೆಳಗಾವಿ, ಧಾರವಾಡ ಸೀಮೆಯಲ್ಲಿ ಇದು ಶರ್ಯತ್ತು ಎಂದೇ ಪರಿಚಿತ. ಹಲವೆಡೆ ಒಂದೊಂದೇ ಜೋಡಿಯನ್ನು ಓಡಿಸಿ, ಒಂದು ನಿಮಿಷದಲ್ಲಿ ಕ್ರಮಿಸಿದ ದೂರವನ್ನು ಅಡಿಗಳಲ್ಲಿ ಅಳೆಯುತ್ತಾರೆ. ಹೀಗಾಗಿ ಕೊನೆಯ ಜೋಡಿ ಓಡಿ ಮುಗಿಸುವವರೆಗೂ ಗೆಲುವು ನಿಶ್ಚಿತವಲ್ಲ. ನೋಡುಗರ ಕುತೂಹಲವೆಲ್ಲ ಅಳತೆಯ ಟೇಪಿನ ಮೇಲೆಯೇ. ಎರಡೂ ಎತ್ತುಗಳ ಹೆಜ್ಜೆ ಕೂಡದಿದ್ದರೆ ಗಾಡಿ ಓರೆಯಾಗುತ್ತದೆ. ಬರಿಯ ಬಲಕ್ಕಿಂತ ಈ ಹೊಂದಾಣಿಕೆಯೇ ಓಟದ ಸೊಗಸು.

ಆದರೆ ಬಾರುಕೋಲಿನ ಹೊಡೆತ ಆಕ್ಷೇಪಕ್ಕೆ ಗುರಿಯಾಗಿದೆ. ಪ್ರಾಣಿಹಿಂಸೆಯ ಕಾರಣಕ್ಕೆ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಕಂಬಳದೊಂದಿಗೆ ಈ ಓಟಕ್ಕೂ ಅವಕಾಶ ನೀಡಿದ ಕರ್ನಾಟಕದ ತಿದ್ದುಪಡಿ ಕಾಯ್ದೆಯನ್ನು ಅದೇ ನ್ಯಾಯಾಲಯ 2023ರ ಮೇ 18ರಂದು ಎತ್ತಿಹಿಡಿಯಿತು; ಎತ್ತುಗಳಿಗೆ ಅನಗತ್ಯ ನೋವಾಗಬಾರದೆಂಬುದು ಕಾಯ್ದೆಯ ಷರತ್ತು.