ಮಾನವ ಬಂಡವಾಳ

ಮಾನವ ಬಂಡವಾಳ ಎಂದರೆ ವ್ಯಕ್ತಿಗಳು ಪಡೆದಿರುವ ಜ್ಞಾನ, ಕೌಶಲ, ಅನುಭವ ಮತ್ತು ಆರೋಗ್ಯಗಳಿಗಿರುವ ಆರ್ಥಿಕ ಮೌಲ್ಯ. ಯಂತ್ರ ಮತ್ತು ಕಟ್ಟಡಗಳಂತೆ ಇದೂ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಆದರೆ ಇದನ್ನು ವ್ಯಕ್ತಿಯಿಂದ ಬೇರ್ಪಡಿಸಿ ಮಾರಲು ಅಥವಾ ಒತ್ತೆಯಿಡಲು ಸಾಧ್ಯವಿಲ್ಲ.

ಪರಿಕಲ್ಪನೆಯ ಬೆಳವಣಿಗೆ

ಜನರು ಗಳಿಸಿದ ಉಪಯುಕ್ತ ಸಾಮರ್ಥ್ಯಗಳು ದೇಶದ ಸ್ಥಿರ ಬಂಡವಾಳದ ಭಾಗವೆಂದು ಆಡಂ ಸ್ಮಿತ್ 1776ರಲ್ಲಿಯೇ ಹೇಳಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ಜೇಕಬ್ ಮಿನ್ಸರ್, ಥಿಯೋಡರ್ ಶುಲ್ಟ್ಸ್ ಮತ್ತು ಗ್ಯಾರಿ ಬೆಕರ್ ಇದನ್ನು ಸಿದ್ಧಾಂತವಾಗಿ ಬೆಳೆಸಿದರು. ಬೆಕರ್ ಅವರ 'ಹ್ಯೂಮನ್ ಕ್ಯಾಪಿಟಲ್' ಗ್ರಂಥವು 1964ರಲ್ಲಿ ಪ್ರಕಟವಾಯಿತು. ಶುಲ್ಟ್ಸ್ 1979ರಲ್ಲಿ ಹಾಗೂ ಬೆಕರ್ 1992ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು.

ಹೂಡಿಕೆ ಮತ್ತು ವೆಚ್ಚ

ಶಿಕ್ಷಣ, ತರಬೇತಿ, ಆರೋಗ್ಯ ಮತ್ತು ವಲಸೆಗಾಗಿ ಮಾಡುವ ವೆಚ್ಚವನ್ನು ಈ ಸಿದ್ಧಾಂತವು ಹೂಡಿಕೆಯೆಂದು ಪರಿಗಣಿಸುತ್ತದೆ. ಶಿಕ್ಷಣದ ನಿಜವಾದ ವೆಚ್ಚದಲ್ಲಿ ಶುಲ್ಕ ಮತ್ತು ಪುಸ್ತಕಗಳ ಬೆಲೆ ಮಾತ್ರವಲ್ಲದೆ, ಓದುವ ಅವಧಿಯಲ್ಲಿ ಕೈತಪ್ಪುವ ಕೂಲಿಯೂ ಸೇರುತ್ತದೆ. ಶಾಲೆ ಉಚಿತವಾಗಿದ್ದರೂ ಬಡ ಕುಟುಂಬಗಳ ಮಕ್ಕಳು ಓದನ್ನು ನಡುವೆಯೇ ಬಿಡಲು ಇದೂ ಒಂದು ಕಾರಣ.

ಕಲಬುರಗಿ ಜಿಲ್ಲೆಯ ಉದಾಹರಣೆ

ಆಡಕಿ ಗ್ರಾಮವಿರುವ ಸೇಡಂ ತಾಲ್ಲೂಕು ಹಾಗೂ ನೆರೆಯ ಚಿತ್ತಾಪುರ, ವಾಡಿ ಮತ್ತು ಶಹಾಬಾದ್ ಪ್ರದೇಶಗಳು ಸುಣ್ಣಕಲ್ಲಿನ ನಿಕ್ಷೇಪಗಳಿಗೆ ಪ್ರಸಿದ್ಧವಾಗಿವೆ. ಇಲ್ಲಿ ಸಿಮೆಂಟ್ ಕಾರ್ಖಾನೆಗಳೂ ಹಾಸುಗಲ್ಲಿನ ಗಣಿಗಳೂ ಇವೆ. ಶಹಾಬಾದ್ ಕಲ್ಲು ಪದರಪದರವಾಗಿ ಏಳುತ್ತದೆ. ಕೈಯಿಂದ ಕಲ್ಲು ಎಬ್ಬಿಸುವವನು ಪದರದ ಸಂದನ್ನು ಗುರುತಿಸಿ, ಚಪ್ಪಡಿ ಒಡೆಯದಂತೆ ಉಳಿಯನ್ನು ಹೊಡೆಯಬೇಕು. ಇದು ವರ್ಷಗಳ ಅಭ್ಯಾಸದಿಂದ ಬರುವ ಜ್ಞಾನ. ಇದಕ್ಕೆ ಪ್ರಮಾಣಪತ್ರವಿಲ್ಲದ ಕಾರಣ, ಇಂಥ ಕೆಲಸಗಾರನು ನಗರಕ್ಕೆ ವಲಸೆ ಹೋದಾಗ ಸಾಮಾನ್ಯ ಕೂಲಿಯವನೆಂದೇ ಎಣಿಸಲ್ಪಡಬಹುದು. ಆಗ ಅವನ ಕೌಶಲವು ಅವನೊಂದಿಗಿದ್ದರೂ ಅದರ ಮೌಲ್ಯ ಅವನಿಗೆ ದೊರೆಯುವುದಿಲ್ಲ.

ಖನಿಜ ಸಂಪತ್ತು ತಾನಾಗಿಯೇ ಮಾನವ ಬಂಡವಾಳವಾಗಿ ಮಾರ್ಪಡುವುದಿಲ್ಲ ಎಂಬುದಕ್ಕೂ ಈ ಪ್ರದೇಶ ನಿದರ್ಶನವಾಗಿದೆ. 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. 2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ, ಕಲಬುರಗಿ ಜಿಲ್ಲೆಯದು ಶೇ. 64.85 ಮಾತ್ರ ಇತ್ತು.

ಸರ್ಕಾರಿ ಕ್ರಮಗಳು

2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯು ಈ ಭಾಗದವರಿಗೆ ಶಿಕ್ಷಣ ಹಾಗೂ ವೃತ್ತಿ ತರಬೇತಿ ಸಂಸ್ಥೆಗಳಲ್ಲಿ ಮತ್ತು ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಗೆ ಅವಕಾಶ ನೀಡಿದೆ. ದುಡಿಮೆಯಿಂದಲೇ ಕಲಿತ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ 'ಪೂರ್ವ ಕಲಿಕೆಯ ಮಾನ್ಯತೆ'ಯು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಒಂದು ಅಂಗವಾಗಿದೆ.

ವಿಮರ್ಶೆ

ಗಳಿಕೆಯ ವ್ಯತ್ಯಾಸವನ್ನು ಕೌಶಲದಿಂದಷ್ಟೇ ವಿವರಿಸಲಾಗದು ಎಂಬುದು ಈ ಸಿದ್ಧಾಂತದ ಮೇಲಿರುವ ಮುಖ್ಯ ಆಕ್ಷೇಪ. ಜಾತಿ, ಲಿಂಗ ಮತ್ತು ಚೌಕಾಶಿಯ ಬಲವೂ ಕೂಲಿಯನ್ನು ನಿರ್ಧರಿಸುತ್ತವೆ. ಶಿಕ್ಷಣವನ್ನು ಆದಾಯದ ಸಾಧನವಾಗಿ ಮಾತ್ರ ನೋಡದೆ, ಮನುಷ್ಯನ ಬದುಕಿನ ಆಯ್ಕೆಗಳನ್ನು ವಿಸ್ತರಿಸುವ ಸಾಮರ್ಥ್ಯವಾಗಿ ಕಾಣಬೇಕೆಂದು ಅಮರ್ತ್ಯ ಸೇನ್ ವಾದಿಸಿದ್ದಾರೆ.